ಮೌನದಲ್ಲಿ ನಕ್ಕವರು

ಟೈಲರ್‌ಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಲು ಬರುತ್ತಿರಲಿಲ್ಲ. ಬಾಯಿ ತೆರೆಯುವ ಮೊದಲೇ ಮುಖದ ಹೊಲಿಗೆ ಬಿಟ್ಟುಕೊಳ್ಳುತ್ತದೆ ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು. ಅದಕ್ಕೇ ಈ ಸಲದ ಸುಳ್ಳನ್ನು ಸೈಲೆನ್ಸರ್ ವಹಿಸಿಕೊಂಡ. ಬೀಗ ರಿಪೇರಿಯ ಈ ಗೆಳೆಯನ ಬಾಯಿ ಹಲ್ಲುಜ್ಜುವಾಗಲೂ ಸುಮ್ಮನಿರುತ್ತಿರಲಿಲ್ಲ, ಆ ಹೆಸರು ಬಂದದ್ದೂ ಅದರಿಂದಲೇ.

ಶನಿವಾರ ಭಾನುವಾರ ಮೂರು ಬೈಕು ತೆಗೆದುಕೊಂಡು ಜಲಾಶಯಕ್ಕೆ ಹೋಗುವುದು, ಮೀನು ಹಿಡಿಯುವುದು, ಯಾರ ಕಾಟವೂ ಇಲ್ಲದೆ ದಂಡೆಯಲ್ಲಿ ಬಿದ್ದುಕೊಳ್ಳುವುದು. ಯೋಜನೆ ಇಷ್ಟೇ. ಜಲಾಶಯದ ದಾರಿಯಲ್ಲೇ ಯುದ್ಧ ಸ್ಮಾರಕಕ್ಕೂ ಒಂದು ಕವಲು ಸಿಗುತ್ತಿತ್ತು, ಭಾನುವಾರ ಅಲ್ಲಿ ವರ್ಷದ ಸಮಾರಂಭವೂ ಇತ್ತು.

"ಸ್ಮಾರಕಕ್ಕೆ ಹೋಗ್ತೀವಿ ಅಂದ್ರೆ ಯಾವ ಹೆಂಡ್ತಿ ಬೇಡ ಅಂತಾಳೋ?" ಎಂದ ಸೈಲೆನ್ಸರ್. ಕನ್ನಡಕದ ಅಂಗಡಿಯ ಗೆಳೆಯ ತಲೆಯಾಡಿಸಿದ. ಅವನದು ಯಾವಾಗಲೂ ತಲೆಯಾಡಿಸುವ ಕೆಲಸ.

ಟೈಲರ್ ಹೆಂಡತಿ ಬೇಡ ಅನ್ನಲಿಲ್ಲ. ಬಟ್ಟೆ ಸುತ್ತಿ ಬೈಕಿಗೆ ಕಟ್ಟಿದ್ದ ಗಾಳದ ಕೋಲುಗಳನ್ನು ನೋಡಿ "ಇದೇನ್ರೀ?" ಎಂದಳು ಅಷ್ಟೇ. ಟೈಲರ್ ಮುಖ ಕೆಂಪಾಗುವಷ್ಟರಲ್ಲಿ ಸೈಲೆನ್ಸರ್ ನುಗ್ಗಿದ: "ಬಾವುಟದ ಕೋಲು, ಅತ್ತಿಗೆ. ಸಮಾರಂಭಕ್ಕೆ ಬರಿಗೈಲಿ ಹೋಗೋದು ಚೆನ್ನಾಗಿರಲ್ಲ."

ಒಳಕೋಣೆಯ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಕೋಟು, ಎದೆಯ ಮೇಲೆ ಪದಕ, ಕೈಯಲ್ಲಿ ಹೆಲ್ಮೆಟ್. ಟೈಲರ್‌ನ ಮಾವ. ಸೈನ್ಯದಲ್ಲಿ ಲಾರಿ ಓಡಿಸಿ ನಿವೃತ್ತರಾಗಿ ಮಗಳ ಮನೆಯಲ್ಲೇ ಇದ್ದವರು.

"ನಡೀರಿ ಅಳಿಯಂದಿರೇ, ಹೊತ್ತಾಯ್ತು."

"ಅಪ್ಪನ್ನ ಒಬ್ಬರನ್ನೇ ಕಳಿಸೋಕೆ ಭಯ ಅಂತ ಈಚೆಗೆ ನಾನೇ ಬಿಡ್ತಿರಲಿಲ್ಲ," ಹೆಂಡತಿಯ ಕಣ್ಣು ತುಂಬಿ ಬಂತು. "ನಿಮಗೆ ಇಷ್ಟು ಒಳ್ಳೆ ಬುದ್ಧಿ ಯಾವಾಗ ಬಂತುರೀ?"

ಟೈಲರ್ ಗೆಳೆಯರ ಮುಖ ನೋಡಿದ. ಗೆಳೆಯರು ನೆಲ ನೋಡಿದರು.

ಊರು ದಾಟಿದ ಮೇಲೆ ಸೈಲೆನ್ಸರ್ ತಲೆ ಓಡಿಸಿದ. ಗಾಡಿ ಕೆಟ್ಟರೆ ಮಾವ ಬೇಸತ್ತು ಬಸ್ಸು ಹತ್ತಿ ಮನೆಗೆ ಹೋದಾರು. ಪೆಟ್ರೋಲ್ ಬಂಕಿನ ಹಿಂದೆ ತನ್ನ ಬೈಕಿನ ಪ್ಲಗ್ಗಿನ ಕ್ಯಾಪು ಕಿತ್ತು ಜೇಬಿಗೆ ಹಾಕಿಕೊಂಡು, ಸ್ಟಾರ್ಟರ್ ಒತ್ತಿ ಒತ್ತಿ ಬೆವರು ಒರೆಸಿಕೊಂಡ. "ಮುಗೀತು ಮಾವ. ಇನ್ನು ಇದು ಏಳಲ್ಲ."

ಮಾವ ಬೈಕಿಗೆ ಒಂದು ಸುತ್ತು ಹಾಕಿದರು. ಬಗ್ಗಲೂ ಇಲ್ಲ. ಅಂಗೈ ಚಾಚಿ ನಿಂತರು.

"ಏನು ಮಾವ?"

"ಜೇಬಲ್ಲಿರೋದು."

ಆಮೇಲೆ ಕವಲು ದಾರಿಯಲ್ಲಿ ಮುಂದಿದ್ದ ಕನ್ನಡಕದವ ಸ್ಮಾರಕದ ಬಾಣದ ಗುರುತನ್ನು ಕಾಣದವನಂತೆ ಬೈಕನ್ನು ಜಲಾಶಯದ ಕಡೆ ತಿರುಗಿಸಿದ. ಟೈಲರ್‌ನ ಹಿಂದೆ ಕೂತಿದ್ದ ಮಾವ ಅವನ ಹೆಲ್ಮೆಟ್ ಮೇಲೆ ಬಾಗಿಲು ತಟ್ಟಿದಂತೆ ತಟ್ಟಿದರು. "ಕೂಗಿ ಕರೀರಿ ಅವನನ್ನ. ಊರವರ ಕಣ್ಣೆಲ್ಲ ಪರೀಕ್ಷೆ ಮಾಡ್ತಾನೆ, ತನ್ನದನ್ನ ಯಾರಿಗೆ ತೋರಿಸ್ತಾನೋ!"

ರಾತ್ರಿ ಲಾಡ್ಜಿನ ಒಂದೇ ಕೋಣೆಯಲ್ಲಿ ನಾಲ್ವರೂ ಮಲಗಿದರು. ಮಾವನ ಗೊರಕೆಗೆ ಕಿಟಕಿಯ ಗಾಜು ನಡುಗುತ್ತಿತ್ತು. ಬೆಳಕು ಹರಿಯುವ ಮೊದಲೇ ಅವರು ಎಲ್ಲರನ್ನೂ ಎಬ್ಬಿಸಿ ಬೂಟಿಗೆ ಪಾಲಿಶ್ ಹಾಕಿಸಿದರು. ಸೈಲೆನ್ಸರ್ ಚಪ್ಪಲಿಯಲ್ಲಿ ಬಂದಿದ್ದ. ಅದಕ್ಕೂ ಹಾಕಿಸಿದರು.

ಸ್ಮಾರಕದ ಮುಂದೆ ಸಾಲು ಸಾಲು ಕುರ್ಚಿ, ಹೂವಿನ ಚಕ್ರಗಳು, ಬಿಸಿಲಿಗೆ ಮುಖ ಗಂಟಿಕ್ಕಿಕೊಂಡ ಬ್ಯಾಂಡಿನವರು. ಅಧಿಕಾರಿಯೊಬ್ಬರ ಭಾಷಣ ಮುಗಿಯಿತು ಎಂದುಕೊಂಡಾಗಲೆಲ್ಲ ಮತ್ತೆ ಚಿಗುರುತ್ತಿತ್ತು. ಕೊನೆಗೆ ಕಹಳೆ ಊದಿದರು. ಎರಡು ನಿಮಿಷದ ಮೌನ.

ಮಾವ ಹೆಸರು ಕೆತ್ತಿದ ಕಲ್ಲಿನ ಗೋಡೆಗೆ ತೀರ ಹತ್ತಿರ ನಿಂತಿದ್ದರು. ಮೂವರೂ ಅವರ ಬೆನ್ನಿಗೇ. ಮೌನ ಶುರುವಾದದ್ದೇ ತಡ, ಮಾವ ಒಂದು ಹೆಸರಿನ ಮೇಲೆ ಕೈಯಿಟ್ಟು, ತುಟಿ ಅಲುಗಿಸದೆ, ಪಿಸುಗುಟ್ಟತೊಡಗಿದರು.

"ಬಂದಿದೀನಿ ಕಣೋ. ಕೇಳು. ಹಿಂದೆ ಮೂರು ಮುಖ ಕಾಣ್ತಿದೆಯಲ್ಲ, ಮೀನು ಹಿಡಿಯೋಕೆ ಹೊರಟವು. ನಡುವೆ ಇರೋ ಬಾಯಿಬಡುಕ ನನ್ನ ಮಗಳಿಗೆ ಗಾಳ ತೋರಿಸಿ ಬಾವುಟದ ಕೋಲು ಅಂದ. ಪ್ಲಗ್ಗಿನ ಕ್ಯಾಪು ಕಿತ್ತು ಜೇಬಲ್ಲಿಟ್ಟುಕೊಂಡು ನನ್ನ ಮುಂದೇನೇ ಕೆಟ್ಟೋಯ್ತು ಅಂದ. ನನ್ನ ಮುಂದೆ! ನಗು ಬರ್ತಿದೆಯೋ ಇಲ್ವೋ?"

ಟೈಲರ್‌ನ ಕಿವಿ ಬಿಸಿಯಾಯಿತು. ಕನ್ನಡಕದವ ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದ. ಸೈಲೆನ್ಸರ್‌ಗೆ ಮಾತ್ರ ನಗು ಉಕ್ಕಿತು. ತಡೆಯಲು ಹೋದ, ಅದು ಮೂಗಿನಿಂದ ಹೊರಬಂತು. ಪ್ರೆಷರ್ ಕುಕ್ಕರಿನಂತೆ ಒಂದು ಸದ್ದು. ಟೈಲರ್ ಕರವಸ್ತ್ರ ಕಚ್ಚಿಕೊಂಡ. ಪಕ್ಕದಲ್ಲಿ ಊರುಗೋಲು ಹಿಡಿದು ನಿಂತಿದ್ದ ಮುದುಕಿಯ ಭುಜವೂ ಕುಲುಕುತ್ತಿತ್ತು. ಅಯ್ಯೋ, ಅಳುತ್ತಿರುವವರ ಪಕ್ಕದಲ್ಲಿ ನಗುತ್ತಿದ್ದೇವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅಧಿಕಾರಿ ಕಣ್ಣು ಕೆಂಪು ಮಾಡಿ ಈ ಕಡೆಗೇ ನೋಡುತ್ತಿದ್ದರು.

ಕಹಳೆ ಮತ್ತೆ ಊದಿದ್ದೇ ಅಧಿಕಾರಿ ದಾಪುಗಾಲು ಹಾಕಿ ಬಂದರು. "ಏನ್ರೀ ಇದು? ಸತ್ತವರಿಗೆ ಮರ್ಯಾದೆ ಬೇಡ್ವಾ?"

ಮಾವ ಬಾಯಿ ತೆರೆಯುವ ಮೊದಲೇ ಮುದುಕಿ ಊರುಗೋಲನ್ನು ಅಡ್ಡ ಹಿಡಿದರು. "ಸತ್ತವನು ನನ್ನಣ್ಣ. ಅವನಿಗೆ ಬೇಜಾರಾಗಿದ್ರೆ ನನಗೆ ಹೇಳ್ತಾನೆ. ನೀವು ಹೋಗಿ ನೆರಳಲ್ಲಿ ಕೂತ್ಕೊಳ್ಳಿ, ಬಿಸಿಲು ಜಾಸ್ತಿ."

ಮುದುಕಿ ಆಗ ಅತ್ತಿದ್ದಲ್ಲ, ನಕ್ಕದ್ದು. ಕಣ್ಣಂಚು ಒದ್ದೆಯಾಗಿದ್ದದ್ದೂ ಅದಕ್ಕೇ, ಅಥವಾ ಹೆಚ್ಚಿನ ಪಾಲು ಅದಕ್ಕೇ. ಅಧಿಕಾರಿ ಏನೋ ಹೇಳಲು ಹೋಗಿ, ಊರುಗೋಲು ನೋಡಿ, ನೆರಳಿಗೆ ಹೋದರು.

"ಎಲ್ಲಿ ಹಾಳಾಗಿ ಹೋಗಿದ್ರಿ ಇಷ್ಟು ವರ್ಷ?" ಮುದುಕಿ ಮಾವನಿಗೆ ಬೈದರು. "ನಾನೊಬ್ಬಳೇ ನಿಂತು ಆ ಭಾಷಣ ಕೇಳಿ ಕೇಳಿ ಸಾಯ್ತಿದ್ದೆ."

ಆಗ ಮಾವ ಮೂವರಿಗೂ ಹೇಳಿದರು. ತಾವೂ ಮುದುಕಿಯ ಅಣ್ಣನೂ ಸೈನ್ಯದಲ್ಲಿ ಹೊಸ ಹುಡುಗರಾಗಿದ್ದಾಗ ಇಂಥದೇ ಒಂದು ಮೌನದಲ್ಲಿ ಸಾಲಾಗಿ ನಿಂತಿದ್ದರಂತೆ. ಮೇಜರರ ಮೂಗಿನ ಮೇಲೆ ಜೇನುಹುಳ ಕೂತಿತಂತೆ. ಗೆಳೆಯ ತುಟಿ ಅಲುಗಿಸದೆ "ಹೂವು ಅಂದ್ಕೊಂಡಿದೆ ಪಾಪ" ಎಂದನಂತೆ. ಮಾವ ಕಿಸಕ್ಕನೆ ನಕ್ಕು, ಅದರ ಶಿಕ್ಷೆಗೆ ಒಂದು ವಾರ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದರು. ಗೆಳೆಯನ ಮುಖ ಮಾತ್ರ ಕದಲಲಿಲ್ಲ. ಸೇಡು ತೀರಿಸಿಕೊಳ್ಳುವಷ್ಟರಲ್ಲಿ ಯುದ್ಧ ಬಂತು.

"ಅವತ್ತಿಂದ ನಗಿಸೋಕೆ ನೋಡ್ತಿದೀನಿ," ಎಂದರು ಮಾವ.

"ಇವತ್ತು ನಕ್ಕನಾ?" ಮುದುಕಿ ಕೇಳಿದರು.

ಮಾವ ಕಲ್ಲನ್ನು ನೋಡಿದರು. "ಎಲ್ಲಿ, ಬಡ್ಡೀಮಗ."

ಸೈಲೆನ್ಸರ್ ಆ ಹೆಸರಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ.

"ಮಾವ, ಎಲ್ಲಾ ಗೊತ್ತಿದ್ದೂ ಮನೇಲಿ ಯಾಕೆ ಹೇಳಲಿಲ್ಲ?" ಟೈಲರ್ ಮೆಲ್ಲಗೆ ಕೇಳಿದ.

"ಹೇಳಿದ್ರೆ ಮಗಳು ನಿಮ್ಮನ್ನೂ ಬಿಡ್ತಿರಲಿಲ್ಲ, ನನ್ನನ್ನೂ ಬಿಡ್ತಿರಲಿಲ್ಲ."

ಮುದುಕಿ ಗಾಳದ ಕೋಲುಗಳ ಬಟ್ಟೆ ಸರಿಸಿ ನೋಡಿ ಮೂಗು ಮುರಿದರು. "ಇದರಲ್ಲಿ ಮೀನು ಹಿಡೀತೀರಾ? ನಡೀರಿ, ನಾನೂ ಬರ್ತೀನಿ. ನಮ್ಮಣ್ಣನಿಗೆ ಹೇಳಿಕೊಟ್ಟವಳೇ ನಾನು."

ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮಾವ ಅಳಿಯನ ಕೈಯಿಂದ ಕೀಲಿ ಕಸಿದುಕೊಂಡು ಮುದುಕಿಯನ್ನು ಹಿಂದೆ ಕೂರಿಸಿಕೊಂಡರು. ಟೈಲರ್ ಕನ್ನಡಕದವನ ಬೆನ್ನಿಗೆ ಅಂಟಿಕೊಂಡ.

ಜಲಾಶಯದಲ್ಲಿ ಮಧ್ಯಾಹ್ನವಿಡೀ ಗಂಡಸರ ಗಾಳಕ್ಕೆ ಸಿಕ್ಕಿದ್ದು ಒಂದು ಹಳೆಯ ಬನಿಯನ್. ಮುದುಕಿ ಮಾತ್ರ ಕಲ್ಲಿನ ಮೇಲೆ ಕೂತು, ಮಾತಾಡಿದವರಿಗೆಲ್ಲ ಊರುಗೋಲಿನಿಂದ ತಿವಿಯುತ್ತಾ, ಮೊಳದುದ್ದದ ಮೀನೊಂದನ್ನು ಎಳೆದರು. ಹಿಡಿಯಲು ನೀರಿಗಿಳಿದ ಮಾವನ ಕೆನ್ನೆಗೆ ಅದು ಬಾಲದಿಂದ ಒಂದು ಬಾರಿಸಿ, ಕೈಯಿಂದ ಜಾರಿ ಹೋಯಿತು.

"ಅಯ್ಯೋ ದಡ್ಡ ಮುಂಡೇದೇ!" ಮುದುಕಿ ದಂಡೆಯಿಂದ ಕಿರುಚಿದರು.

ಮಾವ ನಗಲು ಶುರುಮಾಡಿದರು. ಕಾಲು ನಿಲ್ಲದೆ, ಕೋಟು ಪದಕದ ಸಮೇತ ನೀರಿನಲ್ಲೇ ಕೂತು, "ಇದಕ್ಕಾದ್ರೂ ನಕ್ಕಿರ್ತಾನೆ, ಬಡ್ಡೀಮಗ!" ಎಂದರು. ಮೂವರೂ ಎಬ್ಬಿಸಲು ಹೋದರು. ಅವರು ಏಳಲು ಒಪ್ಪಲಿಲ್ಲ.