ಏಳು ಮೋಟರು, ಒಂದು ಗಾಣ

ಗಾಣ ಮೂರು ಸುತ್ತು ತಿರುಗಿ ನಿಂತುಬಿಟ್ಟಿತು. ಮೋಟರು ಗುಂಯ್ ಎಂದು ನರಳಿತು. ಪೃಥ್ವಿರಾಜ ಓಡಿಹೋಗಿ ಸ್ವಿಚ್ ಆರಿಸದಿದ್ದರೆ ಅದು ಅಲ್ಲೇ ಸುಟ್ಟುಹೋಗುತ್ತಿತ್ತು. ಅಧಿಕಾರಿಗಳು ನೋಡಲು ಬರುವುದು ಮರುದಿನ ಹನ್ನೊಂದಕ್ಕೆ.

ಗಾಣ ಬಿಂದುಶ್ರೀಯದು. ಕಾಲೋನಿಯ ಮಾರಮ್ಮನ ಮೊಮ್ಮಗಳು ಅವಳು. ಪೃಥ್ವಿರಾಜ ಅವಳ ತಮ್ಮ, ಹೊಳೆನರಸೀಪುರದಲ್ಲಿ ವೈರಿಂಗ್ ಕೆಲಸ ಮಾಡುತ್ತಾನೆ. ಹಾಸನದ ಗಾರ್ಮೆಂಟ್ಸಿನಲ್ಲಿ ಆರು ವರ್ಷ ಹೊಲಿದ ಮೇಲೆ ಬಿಂದು ಬ್ಯಾಂಕಿನ ಸಾಲ ತೆಗೆದು ಮರದ ಗಾಣ ತಂದಿದ್ದಳು. ಅರ್ಧ ಸಬ್ಸಿಡಿ ಸರ್ಕಾರದ್ದು. ಹಾಳುಬಿದ್ದಿದ್ದ ಹಳೇ ಡೇರಿ ಕಟ್ಟಡವನ್ನು ಪಂಚಾಯ್ತಿಯಿಂದ ಬಾಡಿಗೆಗೆ ಕೊಡಿಸಿದವಳು ನಾನು. ನಮ್ಮೂರು ಕರಡಿಕೊಪ್ಪಲಿನ ಪಂಚಾಯ್ತಿ ಸದಸ್ಯೆ ನಾನೇ. ಪುಣ್ಯಕ್ಕೆ ಮಾಡಿದ್ದಲ್ಲ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೂ ಹುಚ್ಚೆಳ್ಳು ಬೆಳೆಯುತ್ತದೆ, ಎಣ್ಣೆ ಮಾಡಿಸಲು ಮಾತ್ರ ಬಸ್ಸು ಹತ್ತಬೇಕು. ಗಾಣ ಊರಿನಲ್ಲೇ ಇದ್ದರೆ ಎಣ್ಣೆಯೂ ಊರಿನಲ್ಲೇ, ಹಿಂಡಿಯೂ ಊರಿನಲ್ಲೇ.

ಸಬ್ಸಿಡಿಗೆ ಒಂದು ಷರತ್ತಿತ್ತು. ಗಾಣ ಓಡುವುದನ್ನು ಅಧಿಕಾರಿ ಕಣ್ಣಾರೆ ನೋಡಿ ವಿಡಿಯೊ ಕಳಿಸಬೇಕು. ಮಾರ್ಚ್ ಮುಗಿದರೆ ಆ ವರ್ಷದ ದುಡ್ಡು ವಾಪಸ್. ಸಬ್ಸಿಡಿ ಬಾರದಿದ್ದರೆ ಪೂರ್ತಿ ಕಂತು ಕಟ್ಟುವ ಶಕ್ತಿ ಬಿಂದುವಿಗಿಲ್ಲ. ಗಾಣ ಮಾರಿ ಮತ್ತೆ ಗಾರ್ಮೆಂಟ್ಸ್ ಬಸ್ಸು ಹತ್ತಬೇಕು.

"ಮುನ್ನೂರ ಹತ್ತು ತೋರಿಸ್ತದೆ ಕಣಮ್ಮ," ಎಂದ ಪೃಥ್ವಿರಾಜ, ವೋಲ್ಟೇಜ್ ಮೀಟರು ಹಿಡಿದು. "ನಾಕ್ನೂರ್ರ ಹತ್ರ ಇರ್ಬೇಕು. ತ್ರೀ ಫೇಸ್ ಬತ್ತಿದ್ದಂಗೆ ಏಳೂ ಬೋರಿನ ಮೋಟ್ರು ಒಟ್ಟಿಗೆ ಎಳೀತವೆ. ಅಂಗೆ ಎಳುದ್ರೆ ಗಾಣಕ್ಕೆ ಏನುಳೀತದೆ?"

ಗಾಣಕ್ಕೂ ಬೋರುಗಳಿಗೂ ಇರುವುದು ಒಂದೇ ಟ್ರಾನ್ಸ್‌ಫಾರ್ಮರು. ಊರಿನವರ ಬಾಯಲ್ಲಿ ಟಿ.ಸಿ. ತ್ರೀ ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ. ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡಿದ್ದಾರೆ. ಕರೆಂಟು ಬಂದ ಕ್ಷಣವೇ ಮೋಟರು ತಾನಾಗಿ ಶುರುವಾಗುತ್ತದೆ, ಯಜಮಾನ ಊಟ ಮಾಡುತ್ತಿದ್ದರೂ ಸರಿ, ನೆಂಟರ ಮನೆಗೆ ಹೋಗಿದ್ದರೂ ಸರಿ.

ಆ ಸಂಜೆ ಬಿಂದುವನ್ನು ಕರೆದುಕೊಂಡು ಮನೆಮನೆ ಸುತ್ತಿದೆ. ನಾಳೆ ಒಂದೇ ಒಂದು ಗಂಟೆ ಮೋಟರು ಆಫ್ ಮಾಡಿ, ಅಷ್ಟೇ.

"ಒಂದ್ ಗಂಟೆ ತಾನೆ, ನಮ್ ಮೋಟ್ರೂ ವಸಿ ಉಸಿರಾಡ್ಲಿ ಬುಡಿ," ಎಂದ ಪುಟ್ಟರಾಜು.

ಚಿಕ್ಕಲಕ್ಷ್ಮಮ್ಮ ಮೊರ ಕೆಳಗಿಟ್ಟು ಬಿಂದುವನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲ್ನೇ ಸುತ್ತಿಗೆ ನನ್ ಹುಚ್ಚೆಳ್ಳೇ ಆಕ್ಬೇಕು. ಆಮ್ಯಾಕೆ ಬೇರೆಯೋರ್ದು."

"ನಮ್ ಕೈಯಾಗೆ ಮಾಡಿದ್ ಎಣ್ಣೆ ನಿಮ್ಮನೇಲಿ ನಡೀತದಾ ಲಕ್ಷ್ಮಮ್ಮಾರೆ?" ಬಿಂದು ನಗುತ್ತಲೇ ಕೇಳಿದಳು, ಆದರೆ ನಗುವುದಕ್ಕೆ ಕೇಳಿದ್ದಲ್ಲ.

"ಓಯ್, ಪೇಟೆ ಪ್ಯಾಕೀಟು ಯಾರ್ ಕೈಯಾಗೆ ತುಂಬಿದ್ದೋ ಯಾವ್ಳಿಗ್ ಗೊತ್ತು? ಅಷ್ಟ್ ಮಡಿ ಮಾಡುದ್ರೆ ಒಗ್ಗರಣೆ ಇಲ್ದೆ ಉಣ್ಬೇಕಾಯ್ತದೆ ಕಣ್ ಓಗು."

ಹೀಗೆ ಐದು ಮೋಟರು ಒಪ್ಪಿದವು. ಉಳಿದವು ಎರಡು. ಎರಡೂ ದೊಡ್ಡವು, ಎರಡೂ ನನ್ನ ಯಜಮಾನರ ಅಣ್ಣ ಚನ್ನಪ್ಪನವರವು.

"ಬೀನ್ಸು ಹೂವಿಗೆ ಬಂದದೆ. ಆಗಾಕಿಲ್ಲ ಕಣವ್ವ," ಎಂದರು ಭಾವ. ಎದ್ದು ಕೈ ತೊಳೆಯಲು ಹೋದರು. ಮಾತು ಅಲ್ಲಿಗೆ ಮುಗಿಯಿತು.

ಮರುದಿನ ಹತ್ತೂವರೆಗೆ ತ್ರೀ ಫೇಸ್ ಬಂತು. ಡೇರಿ ಕಟ್ಟಡದ ಬಾಗಿಲಲ್ಲಿ ನಿಂತು ಕಿವಿಗೊಟ್ಟೆವು. ಮಾತು ಕೊಟ್ಟ ಐದೂ ಕಡೆ ಮೌನ. ಮೂಡಲ ಕಡೆಯಿಂದ ಭಾವನ ಎರಡು ಬೋರುಗಳ ನೀರು ತೊಟ್ಟಿಗೆ ಧುಮುಕುವ ಸದ್ದು ಮಾತ್ರ ಎದ್ದು ಕೇಳುತ್ತಿತ್ತು.

"ಮುನ್ನೂರ ನಲವತ್ತು," ಎಂದ ಪೃಥ್ವಿರಾಜ. "ಖಾಲಿ ತಿರುಗ್ಬೋದು. ಕಾಳು ಆಕುದ್ರೆ ನಿಂತೋಯ್ತದೆ."

ಅಷ್ಟರಲ್ಲಿ ಜೀಪು ಬಂತು. ಇಳಿದವರು ಸಂಘಮಿತ್ರಾ ಎಂಬ ಅಧಿಕಾರಿ, ಮೂವತ್ತರ ಆಸುಪಾಸು, ಮುಖದ ಮೇಲೆಲ್ಲ ಧೂಳು. ಬೆಳಿಗ್ಗೆಯೇ ಅರಕಲಗೂಡಿನಲ್ಲಿ ಒಂದು ಘಟಕ ನೋಡಿ ಬಂದಿದ್ದರು. ಮಧ್ಯಾಹ್ನ ಹೊಳೆನರಸೀಪುರ, ಸಂಜೆಯೊಳಗೆ ಚನ್ನರಾಯಪಟ್ಟಣದಲ್ಲಿ ಎರಡು.

"ನನಗಿರೋದು ಅರ್ಧ ಗಂಟೆ," ಎಂದು ಮೊಬೈಲು ತೆಗೆದರು. "ಎರಡು ನಿಮಿಷದ ವಿಡಿಯೊ. ಆಮೇಲೆ ಆಪ್‌ನಲ್ಲಿ ಎರಡೇ ಬಟನ್ನು, ಚಾಲನೆಯಲ್ಲಿದೆ, ಚಾಲನೆಯಲ್ಲಿಲ್ಲ. ಒತ್ತಿದ ಮೇಲೆ ನಾನೇ ಬೇಡಿಕೊಂಡ್ರೂ ಬದಲಾಗಲ್ಲ. ಶುರು ಮಾಡೋಣ್ವಾ?"

"ಹತ್ತು ನಿಮಿಷ ಮೇಡಂ," ಎಂದಳು ಬಿಂದು. ಮಾರಮ್ಮ ಟೀ ಲೋಟ ಹಿಡಿದು ಮುಂದೆ ಬಂದಳು. ನಾನೂ ಬಿಂದುವೂ ಹಿಂಬಾಗಿಲಿನಿಂದ ಬದುವಿನ ಮೇಲೆ ಓಡಿದೆವು.

ಭಾವ ಪಂಪ್‌ಹೌಸಿನ ಕಟ್ಟೆಯ ಮೇಲೆ ಕುಳಿತಿದ್ದರು.

"ಏನವ್ವ ಸುಬ್ಬಮ್ಮ, ಓಟದ ಪಂದ್ಯನಾ?"

"ಭಾವ, ಊರೋರೆಲ್ಲ ನಿಲ್ಸವ್ರೆ. ನಿಮ್ಮವೆರಡೇ. ಆ ಅಧಿಕಾರಿ ಬಂದು ಕೂತವ್ರೆ."

"ನಿಲ್ಸೋದೇನು ದೊಡ್ದಲ್ಲ. ಇವತ್ತು ನಿಲ್ಸುದ್ರೆ ಗಾಣ ಓಡ್ತದೆ. ಆವಮ್ಮ ಓಡ್ತು ಅಂತ ಬರ್ಕೊಂಡು ಓಯ್ತಾರೆ. ನಾಳೀಕೆ? ಆ ಪುಟ್ಟರಾಜು ದಿನಾ ನಿಲ್ಸಾನಾ? ಮೊದಲ್ನೇ ದಿನ ಪುಣ್ಯ ಅಂತಾನೆ, ಎರಡ್ನೇ ದಿನ ಮುಖ ಸಿಂಡರಿಸ್ತಾನೆ, ಮೂರ್ನೇ ದಿನ ದೊಣ್ಣೆ ತತ್ತಾನೆ. ಆಗ ಈ ಕೂಸಿನ ಗಾಣಕ್ಕೆ ಊರೇ ಬೀಗ ಆಕ್ತದೆ."

"ಅದುಕ್ಕೆ ಇವತ್ತೇ ಆಕ್ಬುಡಾನ ಅಂತೀರಾ?"

"ನಾನೆಲ್ಲವ್ವ ಅಂಗಂದೆ? ಇನ್ನೊಂದು ಟಿ.ಸಿ.ಗೆ ಮೂರು ವರ್ಷದಿಂದ ಅರ್ಜಿ ಕೊಟ್ಕೊಂಡು ಕೂತಿವ್ನಿ. ಚನ್ನಪ್ಪನ ಬೀನ್ಸು ಒಣಗ್ತದೆ ಅಂದ್ರೆ ಯಾರೂ ಕ್ಯಾರೆ ಅನ್ನಲ್ಲ. ಸರ್ಕಾರ ದುಡ್ಡು ಕೊಟ್ ಗಾಣ ಕರೆಂಟಿಲ್ದೆ ನಿಂತದೆ ಅಂತ ಸರ್ಕಾರದೋರೇ ಬರುದ್ರೆ ಅದ್ರ ತೂಕವೇ ಬೇರೆ. ಅಂಗಂತ ಆವಮ್ಮನ್ ಕೈಲಿ ಬರೆಸು. ನಿಲ್ಸ್ತೀನಿ."

ನನಗೆ ಮೈ ಉರಿಯಿತು. "ಈ ಉಡುಗೀನ ಮುಂದಕ್ಕೆ ಬುಟ್ಟು ನೀವು ಟಿ.ಸಿ. ತರಿಸ್ಕೊಳೋದಾ?"

"ನಂಗೂ ಆಯ್ತದೆ, ಅವ್ಳಿಗೂ ಆಯ್ತದೆ. ಅದ್ರಾಗೇನು ತಪ್ಪು?"

ತಪ್ಪಿರಲಿಲ್ಲ. ಅದೇ ತಲೆನೋವು. ಭಾವ ಹೇಳಿದ್ದರಲ್ಲಿ ಒಂದು ಮಾತನ್ನೂ ತಳ್ಳಿಹಾಕುವಂತಿರಲಿಲ್ಲ. ಆದರೆ ಪಣಕ್ಕಿಟ್ಟಿದ್ದು ಅವರ ಗಂಟನ್ನಲ್ಲ, ಬಿಂದುವಿನದನ್ನು.

ಬಿಂದು ಒಂದು ಹೆಜ್ಜೆ ಮುಂದೆ ಬಂದಳು. "ಗೌಡ್ರೆ," ಎಂದಳು, "ನಿಮ್ಗೆ ಓದ್ರೆ ಒಂದ್ ಬೆಳೆ ಓಯ್ತದೆ. ನಂಗೆ ಇದು ಓದ್ರೆ ಎಲ್ಲ ಓಯ್ತದೆ. ಆದ್ರೂ ನೀವು ಯೋಳಿದ್ದು ಸರಿ. ಅದುಕ್ಕೆ ಎರಡನ್ನೂ ತೋರಿಸ್ತೀನಿ. ಮೊದ್ಲು ಗಾಣ ನಿಲ್ಲೋದು, ಆಮೇಲೆ ಓಡೋದು. ನಾನು ಫೋನ್ ಮಾಡುತ್ಲೂ ನೀವು ಎರಡೂ ಆಫ್ ಮಾಡ್ಬೇಕು. ಮಾಡ್ತೀರಾ?"

ಭಾವ ಅವಳ ಮುಖವನ್ನೇ ನೋಡಿದರು.

"ಫೋನ್ ಮಾಡು," ಎಂದರು.

ವಾಪಸು ಬಂದು ವಿಷಯ ಹೇಳಿದರೆ ಸಂಘಮಿತ್ರಾ ಟೀ ಲೋಟ ಕೆಳಗಿಟ್ಟರು. "ನಿಂತ ಗಾಣ ಯಾಕ್ರೀ ತೋರಿಸ್ತೀರಾ? ಮೇಲಿನೋರು ಮೊದಲ ಹತ್ತು ಸೆಕೆಂಡ್ ನೋಡಿ ವಾಪಸ್ ಕಳಿಸ್ತಾರೆ. ಸುಮ್ನೆ ಅವರನ್ನ ಒಪ್ಪಿಸಿ, ಓಡಿಸಿ, ಕಳಿಸಿಬಿಡಿ."

"ಸುಳ್ಳು ಓಡಿಸಿದಂಗಾಯ್ತದೆ ಮೇಡಂ. ನಾಳೆ ನಿಂತ್ರೆ ನಿಮ್ಮನ್ನೂ ಕೇಳ್ತಾರೆ," ಎಂದಳು ಬಿಂದು.

"ನಾನಿರೋದೇ ಕಾಂಟ್ರಾಕ್ಟ್ ಮೇಲೆ." ಅವರು ಗಾಣದ ಕಡೆ ನೋಡಿದರು, ಗಡಿಯಾರ ನೋಡಿಕೊಂಡರು. "ವಿಡಿಯೊ ಒಂದು ಸಲ ಶುರುವಾದ್ರೆ ನಡುವೆ ನಿಲ್ಸೋ ಹಾಗಿಲ್ಲ. ಎರಡನೇ ಸಲ ತೆಗೆಯೋಕೂ ಬರಲ್ಲ. ಗೊತ್ತಿರಲಿ."

"ಗೊತ್ತು."

ಮಾರಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿದಳು. ಬಿಂದು ಒರಳಿಗೆ ಚಿಕ್ಕಲಕ್ಷ್ಮಮ್ಮನ ಹುಚ್ಚೆಳ್ಳು ಸುರಿದಳು. ಪೃಥ್ವಿರಾಜ ಸ್ವಿಚ್ಚಿನ ಮೇಲೆ ಕೈಯಿಟ್ಟ. ಸಂಘಮಿತ್ರಾ ಮೊಬೈಲು ಎತ್ತಿದರು.

ಗಾಣ ಎರಡು ಸುತ್ತು ತಿರುಗಿ ನಿಂತಿತು. ಮೋಟರು ಗುಂಯ್ ಎಂದಿತು. ಪೃಥ್ವಿರಾಜ ಆರಿಸಿದ.

ಬಿಂದು ಕ್ಯಾಮೆರಾ ನೋಡಿ ಮಾತಾಡಿದಳು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ. "ಇದು ಗಾಣದ ದೋಷ ಅಲ್ಲ. ಒಂದೇ ಟಿ.ಸಿ. ಮೇಲೆ ಏಳು ಬೋರ್‌ವೆಲ್ ಇವೆ. ಐವರು ನನಗಾಗಿ ಈಗ ನಿಲ್ಲಿಸಿದ್ದಾರೆ. ಉಳಿದ ಎರಡೂ ನಿಂತ್ರೆ ಗಾಣ ಓಡುತ್ತೆ. ದಿನಾ ಹೀಗೆ ನಿಲ್ಲಿಸಿ ಅಂತ ಯಾರನ್ನೂ ಕೇಳೋಕಾಗಲ್ಲ." ಹಾಗೆನ್ನುತ್ತಲೇ ಫೋನ್ ಒತ್ತಿದಳು.

ರಿಂಗಾಯಿತು. ಮತ್ತೆ ರಿಂಗಾಯಿತು. ಭಾವ ಎತ್ತಲಿಲ್ಲ. ಮೊಬೈಲಿನ ಮೇಲೆ ಅಂಕಿ ಓಡುತ್ತಿತ್ತು, ಐವತ್ತು ಸೆಕೆಂಡ್, ಒಂದು ನಿಮಿಷ. ಮೂಡಲ ಕಡೆ ನೀರು ಹಾಗೆಯೇ ಧುಮುಕುತ್ತಿತ್ತು. ನನ್ನ ಮನಸ್ಸಿನಲ್ಲಿ ಭಾವನಿಗೆ ಯಾವ ಯಾವ ಮಾತು ಬಂತೋ ಅದನ್ನು ಬರೆಯುವಂತಿಲ್ಲ.

ಒಂದು ನಿಮಿಷ ಹತ್ತಾದಾಗ ನೀರಿನ ಸದ್ದು ಅರ್ಧಕ್ಕೆ ಇಳಿಯಿತು.

"ಒಂದು ನಿಂತದೆ," ಎಂದ ಪೃಥ್ವಿರಾಜ. "ಮುನ್ನೂರ ಅರವತ್ತು."

"ಆಕು," ಎಂದಳು ಬಿಂದು.

"ಅಕ್ಕ, ಇನ್ನೊಂದು ನಿಂತಿಲ್ಲ. ಮೋಟ್ರಿನ ಕಾಯ್ಲು ಸುಟ್ಟೋಯ್ತದೆ."

"ಆಕು ಅಂದ್ನಲ್ಲ!"

ಹಾಕಿದ. ಗಾಣ ಕಿರ್ರೆಂದು ಅಲುಗಿತು, ಕಾಲು ಸುತ್ತು ಬಂತು, ಹಿಡಿದು ನಿಂತಿತು. ಮೋಟರಿನಿಂದ ಕಮರು ವಾಸನೆ ಎದ್ದಿತು. ಪೃಥ್ವಿರಾಜ ಸ್ವಿಚ್ ಆರಿಸಲು ಹೋದ. ಬಿಂದು ಅವನ ಮಣಿಕಟ್ಟು ಹಿಡಿದುಕೊಂಡಳು.

ಮೂಡಲ ಕಡೆಯ ಸದ್ದು ಪೂರ್ತಿ ಅಡಗಿತು.

ಗಾಣ ಒಮ್ಮೆ ಜಗ್ಗಿ ಮುಂದಕ್ಕೆ ಸರಿಯಿತು. ಅರ್ಧ ಸುತ್ತು. ಒಂದು ಸುತ್ತು. ಆಮೇಲೆ ಒಂದೇ ಹದದಲ್ಲಿ ತಿರುಗತೊಡಗಿತು. ಕಾಳು ಚರಚರ ಅರೆಯಿತು. ಎರಡು ನಿಮಿಷ ಮುಗಿಯುವ ಹೊತ್ತಿಗೆ ಒರಳಿನಿಂದ ಎಣ್ಣೆ ಹರಿಯುವ ದೋಣಿಯ ತುದಿಯಿಂದ ಹಳದಿ ಎಣ್ಣೆಯ ಮೊದಲ ಹನಿ ಬಿತ್ತು. ಸಂಘಮಿತ್ರಾ ಬಗ್ಗಿ ಆ ಹನಿಯನ್ನೂ ಹಿಡಿದುಕೊಂಡರು.

ವಿಡಿಯೊ ಹೋಗಲು ಹಳ್ಳಿಯ ನೆಟ್‌ವರ್ಕಿನಲ್ಲಿ ಏಳೆಂಟು ನಿಮಿಷ ಹಿಡಿಯಿತು. ಹೋಯಿತೆಂದು ತೋರಿಸಿದ ಮೇಲೆ ಅವರು "ಚಾಲನೆಯಲ್ಲಿದೆ" ಒತ್ತಿ, ಬಿಂದುವಿಗೆ ಕಾಣುವಂತೆ ಮೊಬೈಲು ತಿರುಗಿಸಿದರು.

"ನನ್ನ ಕೈಲಾಗೋದು ಇಷ್ಟು. ಮೇಲಿನೋರು ಕೇಳಿದ್ರೆ ನಾನು ಮಾತಾಡ್ತೀನಿ. ಟಿ.ಸಿ. ವಿಷಯಕ್ಕೆ ಆಪ್‌ನಲ್ಲಿ ಜಾಗ ಇಲ್ಲ. ಬಿಳಿ ಹಾಳೆ ಇದ್ರೆ ಕೊಡಿ." ಗಾಣಕ್ಕೆ ಬೇರೆ ಟ್ರಾನ್ಸ್‌ಫಾರ್ಮರ್ ಅಗತ್ಯ ಎಂದು ನಾಲ್ಕು ಸಾಲು ಬರೆದು, ರುಜು ಮಾಡಿ, ಸೀಲು ಒತ್ತಿದರು. ಕೆಳಗೆ ಪಂಚಾಯ್ತಿ ಸದಸ್ಯೆ ಎಂದು ನಾನೂ ರುಜು ಹಾಕಿದೆ. ಕರೆಂಟ್ ಆಫೀಸಿಗೆ ಎಷ್ಟು ಸಲ ಅಲೆಯಬೇಕೋ ನನಗೆ ಗೊತ್ತು. ಮೂರು ವರ್ಷದ ಅರ್ಜಿಯ ಮೇಲೆ ಈಗೊಂದು ಸೀಲು ಬಿದ್ದಿದೆ. ಅಷ್ಟರಮಟ್ಟಿಗೆ ಕಾಲಿಗೆ ಬಲ.

ಜೀಪು ಹೋದ ಮೇಲೆ ಭಾವ ಬಂದರು. ಪಂಚೆಯ ಅಂಚೆಲ್ಲ ಕೆಸರು, ಏದುಸಿರು.

"ಫೋನ್ ಯಾಕೆ ಎತ್ತಲಿಲ್ಲ?" ಎಂದೆ.

"ಆ ಬೋರು ಅಲ್ಲಿ, ಈ ಬೋರು ಇಲ್ಲಿ. ಓಡಾದಾ, ಫೋನ್ ಎತ್ತಾದಾ?" ಎಂದು ನನ್ನ ಮೇಲೇ ಗದರಿದರು. ಕಾಗದ ಇಸಕೊಂಡು, ದೂರ ಹಿಡಿದು, ಸೀಲನ್ನು ಎರಡು ಸಲ ನೋಡಿದರು. ಆಮೇಲೆ ಅದನ್ನು ನನಗೆ ವಾಪಸು ಕೊಟ್ಟು ಬಿಂದುವಿನ ಕಡೆ ತಿರುಗಿದರು. "ಆಯ್ತಲ್ಲ ಮಗ. ಗಾಣ ನಿಲ್ಸು ಇನ್ನ. ಮೋಟ್ರು ಆಕ್ಬೇಕು, ಬೀನ್ಸು ಕಾಯ್ತದೆ."

ಬಿಂದು ಒರಳಿನ ಅಂಚಿಗೆ ಹತ್ತಿದ್ದ ಹಿಂಡಿಯನ್ನು ಕೋಲಿನಿಂದ ಒಳಕ್ಕೆ ತಳ್ಳುತ್ತಿದ್ದಳು. ತಲೆ ಎತ್ತಲಿಲ್ಲ.

"ನಡುವೆ ನಿಲ್ಸುದ್ರೆ ಕಾಳು ಕಚ್ಕೊಂಬುಡ್ತದೆ ಗೌಡ್ರೆ. ಇದು ಲಕ್ಷ್ಮಮ್ಮಾರ್ದು. ಇನ್ನರ್ಧ ಗಂಟೆ."

"ಅರ್ಧ ಗಂಟೆ!"

"ಒಂದ್ ಗಂಟೆ ಅಂತ ಕೇಳಿದ್ದು. ಇನ್ನೂ ಆಗಿಲ್ಲ."

ಭಾವ ನನ್ನ ಕಡೆ ನೋಡಿದರು. ನಾನು ಕಾಗದ ಮಡಿಸುವುದರಲ್ಲಿದ್ದೆ. ಮಾರಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಬಾಗಿಲ ಬಳಿ ಇಟ್ಟು ದೂರ ಸರಿದಳು. ಭಾವ ಅದನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೊಣಗುತ್ತಲೇ ಅದನ್ನು ಎಣ್ಣೆ ಕಾಣುವ ಕಡೆಗೆ ಎಳೆದುಕೊಂಡು ಕುಳಿತರು.