ಬೆನ್ನಿನವಳ ಮುಖ

ತಂತಿಗೆ ಕಪ್ಪು ಬಣ್ಣ ಬಳಿಯುತ್ತಿದ್ದಾನೆ ಕಿಟ್ ಅಣ್ಣ, ಬಿಸಿಲಿಗೆ ಅದು ಮಿಂಚಬಾರದು, ಹಾರುವವಳು ಕಾಣಬೇಕು, ಹಾರಿಸುವುದು ಕಾಣಬಾರದು, ಬಣ್ಣದ ವಾಸನೆ ಮೂಗಿಗೆ ಅಡರುತ್ತಿದೆ, ತಂತಿ ಸಿಕ್ಕಿಸುವ ಸೊಂಟದ ಪಟ್ಟಿ ಎಲುಬು ಕಚ್ಚುತ್ತಿದೆ, ಕಚ್ಚಲಿ, ಇವತ್ತು ಏನು ಬೇಕಾದರೂ ಕಚ್ಚಲಿ, ಇವತ್ತು ಚಿತ್ರದಲ್ಲಿ ನನ್ನ ಮುಖ ಇದೆ! ಇಷ್ಟು ವರ್ಷ ನಾಯಕಿಯ ಅಂಗಿ ತೊಟ್ಟು ಸೂರಿನಿಂದ ಸೂರಿಗೆ ಹಾರಿದ್ದು ನಾನು, ಕೆಳಗಿಳಿದು ಕಣ್ಣು ಮಿಟುಕಿಸಿದ್ದು ಅವಳು, ನನ್ನದು ಬೆನ್ನು, ಬರೀ ಬೆನ್ನು, ಮೊಂಗ್‌ಕಾಕ್ ಪೇಟೆಯ ಅಗ್ಗದ ಟಾಕೀಸಿನಲ್ಲಿ ಕಲ್ಲಂಗಡಿ ಬೀಜ ಸುಲಿಯುತ್ತ ಕೂತ ಅಮ್ಮ ಇಡೀ ಸಾಲಿಗೆ ಕೇಳುವ ಹಾಗೆ ಕೂಗುತ್ತಾಳೆ, ಅಗೋ ನೋಡ್ರೇ, ನಮ್ಮ ಪಿಕ್‌ಹಾಳ ಬೆನ್ನು, ಎಷ್ಟು ನೆಟ್ಟಗಿದೆ ನೋಡ್ರೇ, ಪಕ್ಕದ ಮನೆಯ ಲಾವ್ ಅತ್ತೆ ಬಿಡುತ್ತಾಳೆಯೇ, ಬೆನ್ನೇನೋ ಸರಿ ಕಣೇ, ಮುಖ ಹೆರೋದು ಮರೆತ್ಯಾ — ಎಲ್ಲರೂ ನಕ್ಕರು, ಅಮ್ಮನೂ ನಕ್ಕಳು, ಆಮೇಲೆ ಒಂದು ಬೀಜವನ್ನೂ ಬಾಯಿಗೆ ಹಾಕಲಿಲ್ಲ, ನಾನು ಹಿಂದಿನ ಸೀಟಿನಲ್ಲಿದ್ದೆ, ನೋಡಿದೆ.

ಈ ಸಲ ಖಳನ ಅಂಗರಕ್ಷಕಿ ನಾನು, ಪಾತ್ರಕ್ಕೆ ಹೆಸರಿದೆ, ಸಾಯುವ ಮೊದಲು ಒಂದು ಮಾತೂ ಇದೆ, ಛತ್ರದ ಮಹಡಿಯಿಂದ ಜಿಗಿ, ಮೇಜುಗಳ ಮೇಲೆ ತೇಲು, ಗಾಳಿಯಲ್ಲಿ ಸುತ್ತು, ಕತ್ತಿ ಬೀಸು, ಕಟಾಂಜನದ ಮೇಲೆ ಒಂಟಿ ಕಾಲಲ್ಲಿ ನಿಲ್ಲು, ಮುಖ ಕ್ಯಾಮೆರಾದ ಆ ಕಪ್ಪು ಗಾಜಿಗೆ — ಅಷ್ಟೇ, ಎರಡು ಸಲ ಕೆಡಿಸಿದೆ! ಹಾರಾಟ ಹೂವೆತ್ತಿದ ಹಾಗೆ, ಆದರೆ ನಿಂತ ಕೂಡಲೇ ಕಪ್ಪು ಗಾಜು ಎದುರಿಗೆ ಬಂತು, ಕತ್ತು ತಾನಾಗಿ ಆಚೆ ತಿರುಗಿತು, ಮುಖ ಕಂಡರೆ ಶಾಟ್ ಹಾಳು ಎಂದು ವರ್ಷಗಟ್ಟಲೆ ಪಳಗಿದ ಕತ್ತು, ನನ್ನದೇ ಕತ್ತು, ಥೂ. ನಿರ್ದೇಶಕ ತಾಂಗ್ ಟೋಪಿ ತೆಗೆದು ನೆಲಕ್ಕೆ ಬಡಿದರು, ಏನಮ್ಮಾ, ಪಾತ್ರ ಕೊಟ್ಟಿದ್ದು ನಿನಗಾ ನಿನ್ನ ತುರುಬಿಗಾ, ಬಿಸಿಲು ಗುಡ್ಡದ ಹಿಂದೆ ಹೋಗ್ತಾ ಇದೆ, ಇದೊಂದು ಸಲ ನೋಡ್ತೀನಿ, ಆಗ್ಲಿಲ್ವಾ, ಆ ಹೊಸ ಹುಡುಗಿಗೆ ಅಂಗಿ ಬಿಚ್ಚಿಕೊಟ್ಟು ನಿನ್ನ ಬೆನ್ನಿನ ಕೆಲಸಕ್ಕೇ ಹೋಗು. ಹೊಸ ಹುಡುಗಿ ಆಗಲೇ ಕೂದಲು ಬಾಚಿಕೊಳ್ಳುತ್ತಿದ್ದಾಳೆ, ಬಾಚಿಕೋ ಬಾಚಿಕೋ. ಕಿಟ್ ಅಣ್ಣ — ನಾಟಕದ ಶಾಲೆಯಲ್ಲಿ ನನ್ನ ಜೊತೆ ಬೆತ್ತದೇಟು ತಿಂದವನು, ಈಗ ನನ್ನ ತಂತಿಯ ಹಗ್ಗ ಅವನ ಕೈಯಲ್ಲಿ — ಪಟ್ಟಿ ಬಿಗಿಯುತ್ತ, ಏ ಗೂಬೆ, ರಂಗದ ಮೇಲೆ ಹೇಗೆ ನಿಲ್ತಿದ್ದೆ, ಅದೂ ಮರೆತ್ಯಾ? ಮರೆತಿಲ್ಲ, ನಗಾರಿ ನಿಂತ ಕೂಡಲೇ ಸಭೆಯ ಕಡೆ ಕಣ್ಣರಳಿಸಿ ನಿಲ್ಲಬೇಕು, ಕೊನೆಯ ಸಾಲಿನ ಮುದುಕಿಗೂ ನಿನ್ನ ರೆಪ್ಪೆ ಕಾಣ್ಬೇಕು ಕಣೇ ಎನ್ನುತ್ತಿದ್ದರು ಮೇಷ್ಟ್ರು, ಕೊನೆಯ ಸಾಲಿನಲ್ಲಿ ಆಗಲೂ ಅಮ್ಮನೇ ಇರುತ್ತಿದ್ದಳು — ಹೂಂ, ಎಳೀರಿ!

ನೆಲ ಬಿಟ್ಟಿತು, ಅಯ್ಯೋ ಈ ಸುಖ, ಕೆಳಗೆ ಮೇಜು, ಬಟ್ಟಲು, ಬಾಯಿ ಬಿಟ್ಟ ಕುಡುಕರು, ತೋಳಿನ ರೇಷ್ಮೆ ಪಟಪಟ, ಸುತ್ತು, ಆಕಾಶ ಕೆಳಗೆ ಛತ್ರ ಮೇಲೆ, ಬೀಸು, ಠಣ್ — ಬಿದಿರಿನ ಕತ್ತಿ ಠಣ್ ಎನ್ನುವುದಿಲ್ಲ, ಬಾಯೊಳಗೇ ನಾನು ಎನ್ನುತ್ತೇನೆ — ಕಾಲ್ಬೆರಳಿಗೆ ಕಟಾಂಜನ ಸಿಕ್ಕಿತು, ಕಪ್ಪು ಗಾಜು ಎದುರಿಗೆ, ಕತ್ತು ಆಚೆ ಹೊರಟಿತು, ಎಲ್ಲಿಗೇ ಕಳ್ಳಿ, ಬಾ ಇಲ್ಲಿ, ಅಮ್ಮ ಈ ಕಡೆ ಇದ್ದಾಳೆ, ಎಳೆದೆ, ನರ ಚಟ್ ಎಂದಿತು, ಕಣ್ಣರಳಿಸಿದೆ, ಬಂತು, ಮುಖ ಬಂತು ಎಂದು ತಾಂಗ್ ಕುಣಿಯುತ್ತಿದ್ದಾರೆ, ಕಿಟ್ ಅಣ್ಣನ ಸಿಳ್ಳೆ, ಕಟ್ ಅಂದಾಯಿತು, ಇನ್ನಾದ್ರೂ ಇಳಿಯೇ ಮಾರಾಯ್ತಿ ಎನ್ನುತ್ತಾನೆ ಅವನು, ಇಳಿಯುತ್ತೇನೆ, ತಾಳಿ, ಗಾಜಿನೊಳಗೆ ಒಬ್ಬಳಿದ್ದಾಳೆ, ಬೆವರಿಗೆ ಬಣ್ಣ ಇಳಿದ ಕೆನ್ನೆ, ಅಮ್ಮನದೇ ಮೂಗು, ಉಗುರಿನಷ್ಟು ಮುಖ, ಕಪ್ಪು ಗಾಜಿನೊಳಗೆ ಮುಖ, ತಿರುಗದೆ ನನ್ನನ್ನೇ ನೋಡುತ್ತಿರುವ ಮುಖ —