ಹಗಲಿಗೊಂದು ಮುಚ್ಚಳ

ಒಂದು ಊರು, ಊರಿಗೊಬ್ಬ ರಾಜ. ರಾಜನಿಗೆ ಎಲ್ಲವೂ ಇತ್ತು, ನಿದ್ದೆಯೊಂದನ್ನು ಬಿಟ್ಟು. ರಾತ್ರಿಯೆಲ್ಲ ಕೋಟೆಯ ಮೇಲೆ ನಿಂತು ಶತ್ರುಗಳು ಬಂದಾರೆಂದು ಕಾಯುವುದು ಅವನ ಪಾಡು. ಇನ್ನು ಮಲಗೋಣ ಎನ್ನುವ ಹೊತ್ತಿಗೆ ಸೂರ್ಯ ಬಂದು ಅವನ ರೆಪ್ಪೆಯ ಮೇಲೆ ಕೂರುತ್ತಿದ್ದ. ರೇಗಿ ಹೋದ ರಾಜ ಸೂರ್ಯನನ್ನು ಹಿಡಿಸಿ ಪೆಟ್ಟಿಗೆಯೊಳಗೆ ಹಾಕಿಸಿದ. ಮುಚ್ಚಳ ಬಿಗಿದರೆ ಸೂರ್ಯ ಉಸಿರುಗಟ್ಟಿ ಆರಿಹೋಗುತ್ತಾನೆ, ಸಡಿಲ ಬಿಟ್ಟರೆ ಸಂದಿಯಿಂದ ಬೆಳಕು ಇಣುಕುತ್ತದೆ. ಆರಿದರೆ ಊರಿನ ಬೆಳೆ ಏನಾಗಬೇಕು? ಇಣುಕಿದರೆ ರಾಜನ ನಿದ್ದೆ ಏನಾಗಬೇಕು? ಉಸಿರಾಡುವ, ಆದರೆ ಬೆಳಗದ ಪೆಟ್ಟಿಗೆಯನ್ನು ಯಾರು ಮಾಡಿಕೊಡುತ್ತೀರಿ ಎಂದು ಡಂಗುರ ಹೊಡೆಸಿದ. ಬಡಗಿಗಳು ಬಂದು ಸೋತರು, ಕಮ್ಮಾರರು ಬಂದು ಸೋತರು. ಕೊನೆಗೆ ಬಂದವಳು ಬುಟ್ಟಿ ಹೆಣೆಯುವ ಒಬ್ಬ ಹುಡುಗಿ.

ಅರಸೀಕೆರೆಯ ಮನೆಯಲ್ಲಿ ಕರೆಂಟು ಹೋದಾಗಲೆಲ್ಲ ಅಜ್ಜಿ ಈ ಕತೆ ಹೇಳುತ್ತಿದ್ದಳು. ಲಾಟೀನನ್ನು ಹಿಂದಕ್ಕಿಟ್ಟು, ತನ್ನ ಎರಡೂ ಕೈಗಳಿಂದ ಗೋಡೆಯ ಮೇಲೆ ರಾಜನ ಮೂಗು, ಕುದುರೆಯ ಬಾಯಿ, ಮೊಲದ ಕಿವಿ ಎಲ್ಲವನ್ನೂ ಆಡಿಸುತ್ತಿದ್ದಳು. ಮಡಿಲಲ್ಲಿ ಕೂತ ಮನಸ್ವಿನಿ ಹುಡುಗಿ ಹೇಗೆ ಗೆದ್ದಳೆಂದು ಪ್ರತಿ ಸಲವೂ ಹೊಸದಾಗಿ ಕೇಳುತ್ತಿದ್ದಳು.

“ಗಾಳಿಗೆ ಕಣ್ಣಿಲ್ಲ ಕಣೇ ಮಗಾ. ಕುರುಡಿ. ಅದಕ್ಕೇ ಗೋಡೆ ತಡವಿಕೊಂಡು, ಮೂಲೆ ತಿರುಗಿಕೊಂಡು ಹೆಂಗೋ ಆಚೆಗೆ ಹೋಗ್ತದೆ. ಬೆಳಕಿಗೆ ಕಣ್ಣಿದೆ, ಅದರ ಜೊತೆಗೆ ಜಂಬ. ನೆಟ್ಟಗೇ ನಡೀತೀನಿ ಅಂತ ಹೋಗಿ ಮೊದಲನೇ ಗೋಡೆಗೇ ಹಣೆ ಚಚ್ಕೊಂಡು ಸಾಯ್ತದೆ. ಆ ಹುಡುಗಿ ಪೆಟ್ಟಿಗೆ ಬಾಯಿಗೆ ಅಂಕುಡೊಂಕಾಗಿ ಓಣಿ ಹೆಣೆದಳು. ಗಾಳಿ ಬಂತು, ಬೆಳಕು ನಿಂತಿತು, ರಾಜ ಗೊರಕೆ ಹೊಡೆದ. ಕತೆ ಮುಗೀತು.”

“ಆ ಹುಡುಗಿ ಏನಾದ್ಲು ಅಜ್ಜಿ?”

“ಏನಾಗ್ತಾಳೆ? ಅವಳ ಕೆಲಸ ಮುಗೀತಲ್ಲ. ಏಳು, ಕರೆಂಟು ಬಂತು.”

ಈಗ ಆ ಮನಸ್ವಿನಿ ಗುಜರಾತಿನ ವಡೋದರಾದ ಗೋರ್ವಾ ಬಡಾವಣೆಯಲ್ಲಿ, ಎರಡನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ ಇದ್ದಾಳೆ. ಅಡುಗೆಕಟ್ಟೆಯೂ ಅದೇ ಕೋಣೆಯ ಒಂದು ಮೂಲೆ. ಗಂಡ ಗುರುಕಿರಣ್‌ಗೆ ಹತ್ತಿರದ ಕೆಮಿಕಲ್ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಕೆಲಸ. ಮದುವೆಯಾದ ಹೊಸದರಲ್ಲಿ ಜನರಲ್ ಶಿಫ್ಟ್ ಇತ್ತು. ಕಳೆದ ದೀಪಾವಳಿಯಿಂದ ಬರೀ ನೈಟ್. ಬೆಳಿಗ್ಗೆ ಬಂದು ತಿಂಡಿ ತಿಂದು ಮಲಗಿದನೆಂದರೆ ಸಂಜೆಯ ಚಹಾಕ್ಕೇ ಏಳುವುದು. ಅದಕ್ಕಾಗಿ ಕಿಟಕಿಗೆ ಕಪ್ಪು ರೆಕ್ಸಿನ್ ಹೊಡೆದಿದೆ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಟವೆಲ್ ತುರುಕಿದೆ. ಹೊರಗೆ ಮೇ ತಿಂಗಳ ಬಿಸಿಲು ತಾರಸಿಯ ಮೇಲೆ ಕುಣಿಯುತ್ತಿದ್ದರೆ ಒಳಗೆ ಅಮಾವಾಸ್ಯೆ.

ಆ ಅಮಾವಾಸ್ಯೆಯಲ್ಲಿ ಮನಸ್ವಿನಿ ಕೂತಿರುತ್ತಾಳೆ. ಬಾಗಿಲು ತೆರೆದರೆ ಬೆಳಕು ಗುಂಡು ಹೊಡೆದ ಹಾಗೆ ಒಳನುಗ್ಗಿ ಅವನನ್ನು ಎಬ್ಬಿಸಿಬಿಡುತ್ತದೆ. ಬೆಳಿಗ್ಗೆಯೇ ಕೆಳಗಿನ ಮನೆಗೆ ಹೋಗಿ ಕೂರೋಣವೆಂದರೆ ಅಲ್ಲಿ ಕಮಲಾಬೆನ್. “ಏನು ಬೇಟಾ, ಗಂಡ ಹೆಂಡತಿ ದಿನವಿಡೀ ಬಾಗಿಲು ಹಾಕಿಕೊಂಡು ಇರ್ತೀರಿ, ತೊಟ್ಟಿಲು ಮಾತ್ರ ಬರಲೇ ಇಲ್ಲ!” ಎಂದು ಅವಳು ಹಿಂದಿಯಲ್ಲಿ ನಕ್ಕ ನಗು ಒಂದೇ ಸಲಕ್ಕೆ ಸಾಕಾಗಿತ್ತು.

ಕೋಣೆಯಲ್ಲಿದ್ದ ಒಂದೇ ಬೆಳಕೆಂದರೆ ಮೀನಿನ ತೊಟ್ಟಿಯದು. ಮದುವೆಯಾಗಿ ವರ್ಷ ತುಂಬಿದ ದಿನ ಗುರುಕಿರಣ್ ತಾನೇ ಫತೇಗಂಜ್‌ನಿಂದ ಆಟೋದಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದದ್ದು. “ನಿನಗೆ ಜೊತೆಗಿರಲಿ ಅಂತ” ಎಂದಿದ್ದ. ನಾಲ್ಕಾರು ಗಪ್ಪಿ ಮೀನು, ಒಂದು ಜೋಡಿ ಕಪ್ಪು ಮೋಲಿ ಮೀನು, ಮರಳಲ್ಲಿ ಊರಿದ ಹಸಿರು ಗಿಡಗಳು. ಮೇಲೆ ದೀಪವನ್ನು ಒಳಗಿಟ್ಟ ಪ್ಲೈವುಡ್ಡಿನ ಮುಚ್ಚುಗೂಡು, ಅವನು ಮಲಗುವ ಹೊತ್ತಿಗೆ ಗಾಜಿಗೆಲ್ಲ ಕಪ್ಪು ಬಟ್ಟೆ. ಗಿಡ ಬದುಕಲು ದಿನಕ್ಕೆ ಎಂಟು ಹತ್ತು ಗಂಟೆ ದೀಪ ಉರಿಯಲೇಬೇಕು. ಗೂಡಿನ ಹಿಂಬದಿಯಲ್ಲಿ ಪೈಪು, ವೈರು ಹೋಗಲೆಂದು ಬಿಟ್ಟ ಸಂದಿಯಿಂದ ಒಂದು ಪಟ್ಟಿ ಬೆಳಕು ಗೋಡೆಗೆ ಬೀಳುತ್ತಿತ್ತು. ನೀರು ಅಲುಗಿದರೆ ಅದೂ ಅಲುಗುತ್ತಿತ್ತು.

ಆ ಪಟ್ಟಿಯ ಮುಂದೆ ಮನಸ್ವಿನಿ ಕೈ ಹಿಡಿಯುತ್ತಿದ್ದಳು. ಮೊಲ ಬರುತ್ತಿತ್ತು. ಕುದುರೆ ಬರುತ್ತಿತ್ತು. ಅಜ್ಜಿಯ ರಾಜ ಮೂಗು ಮೇಲೆತ್ತಿಕೊಂಡು ಬರುತ್ತಿದ್ದ. ತುಟಿಯಷ್ಟೇ ಅಲ್ಲಾಡುವ ಹಾಗೆ ಅವಳು ಅವುಗಳಿಗೆ ಮಾತು ಕೊಡುತ್ತಿದ್ದಳು. ಕತೆಯೊಂದು ಮುಗಿದು ಇನ್ನೊಂದು ಶುರುವಾಗುವಷ್ಟರಲ್ಲಿ ಮಧ್ಯಾಹ್ನ ಹೇಗೋ ಜಾರಿರುತ್ತಿತ್ತು. ಅವಳ ಪಾಲಿಗೆ ಹಗಲೆಂದರೆ ಅದೇ, ಒಂದು ಗೇಣು ಅಗಲದ ಹಗಲು.

“ಏನೇ, ನಿನ್ನ ಸೂರ್ಯ ಇನ್ನೂ ಮುಳುಗಿಲ್ವಾ?” ಗುರುಕಿರಣ್ ಮಗ್ಗುಲು ಬದಲಿಸುತ್ತ ಗೊಣಗುತ್ತಿದ್ದ.

“ಮಲಗಿ ನೀವು. ಇಷ್ಟೇ ಇಷ್ಟು ಬೆಳಕು.”

“ಕಣ್ಣೊಳಗೆ ಸೂಜಿ ಹಾಕಿದ ಹಾಗಾಗುತ್ತೆ. ಆ ದೀಪಾನ ರಾತ್ರಿ ಹಾಕು ಅಂದ್ರೆ ಕೇಳಲ್ಲ. ಹೇಗೂ ನಾನಿರಲ್ಲ.”

“ರಾತ್ರಿ ನಾನು ಮಲಗಬೇಡ್ವಾ?”

“ನೀನೂ ನನ್ನ ಜೊತೆ ಹಗಲು ಮಲಗು. ರಾತ್ರಿ ಎದ್ದಿರು. ಅದರಲ್ಲೇನಿದೆ?”

ಒಂದು ವಾರ ಹಾಗೂ ಮಾಡಿ ನೋಡಿದ್ದಳು. ರಾತ್ರಿಯಿಡೀ ಬೀದಿನಾಯಿಗಳ ಜೊತೆ ಎಚ್ಚರವಿದ್ದು, ಬೆಳಿಗ್ಗೆ ನಲ್ಲಿ ನೀರು ಹಿಡಿದು, ತರಕಾರಿಯವನ ಕೂಗಿಗೆ ಕೆಳಗೋಡಿ, ಆಮೇಲೆ ಮಲಗಿದರೆ ನಿದ್ದೆ ಬಾರದು. ಕನ್ನಡಿಯಲ್ಲಿ ತನ್ನ ಮುಖವೇ ಹೊರಗಿನವರ ಮುಖದಂತೆ ಕಂಡಿತ್ತು. “ಮನೇಲಿ ಒಬ್ಬರಾದ್ರೂ ಹಗಲಲ್ಲಿ ಇರೋಣ ಕಣ್ರೀ” ಎಂದು ಮೊದಲಿನಂತಾಗಿದ್ದಳು.

ಒಂದು ಬೆಳಿಗ್ಗೆ ಗುರುಕಿರಣ್ ಶೂ ಬಿಚ್ಚದೆ ಹಾಸಿಗೆಯ ತುದಿಯಲ್ಲಿ ಕೂತ. ತಟ್ಟೆಯಲ್ಲಿದ್ದ ಉಪ್ಪಿಟ್ಟು ಆರುತ್ತಿತ್ತು.

“ನಿನ್ನೆ ಪ್ಯಾನೆಲ್ ಮುಂದೆ ನಿದ್ದೆ ಹೋಗ್ಬಿಟ್ಟೆ.”

ಅವಳು ಚಹಾದ ಒಲೆ ಆರಿಸಿ ಹತ್ತಿರ ಬಂದಳು.

“ಅಲಾರಂ ಹೊಡೆದಿದೆ. ನಾನೇ ಬಟನ್ ಒತ್ತಿ ನಿಲ್ಲಿಸಿದೀನಂತೆ, ನಿದ್ದೆಗಣ್ಣಲ್ಲಿ. ನನಗೆ ನೆನಪೇ ಇಲ್ಲ. ಜೊತೆಗಿದ್ದ ಕಿಶೋರ್ ಓಡಿ ಹೋಗಿ ವಾಲ್ವ್ ತಿರುಗಿಸಿದ. ಇಲ್ದಿದ್ರೆ ಕೆಳಗೆ ಕೆಲಸ ಮಾಡ್ತಿದ್ರಲ್ಲ, ಅವರು...” ಅವನ ಕೈ ಶೂ ಲೇಸನ್ನು ಬಿಚ್ಚುತ್ತ, ಮತ್ತೆ ಕಟ್ಟುತ್ತ ಇತ್ತು. “ಇನ್ನೊಂದು ಸಲ ಆದ್ರೆ ಗೇಟಿನ ಆಚೆಗೆ ಅಂದಿದಾರೆ. ಗೇಟು ಹಾಳಾಗಿ ಹೋಗ್ಲಿ ಮನು. ಯಾರಾದ್ರೂ ಸತ್ರೆ?”

ಅವಳು ಆ ಕೈಗಳನ್ನು ಹಿಡಿದುಕೊಂಡಳು. ಮೀನಿನ ಗೂಡಿನ ಸಂದಿಯನ್ನು ತಾನೇ ಮುಚ್ಚುತ್ತೇನೆ, ಒಂದು ಚೂರೂ ಬೆಳಕು ಬಾರದ ಹಾಗೆ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಳು. ಆ ಹೊತ್ತಿನಲ್ಲಿ ಅದು ನಿಜವಾದ ಮಾತೇ ಆಗಿತ್ತು.

ಅವತ್ತೇ ಕಪ್ಪು ಟೇಪು ತಂದು ಗೂಡಿನ ಸುತ್ತ ಬಿಗಿದಳು. ಕೋಣೆ ಬಾವಿಯಂತಾಯಿತು. ಸಂಜೆ ಗುರುಕಿರಣ್ ಎದ್ದು ಮೈಮುರಿದು “ಎಂಥ ನಿದ್ದೆ!” ಎಂದ. ತೊಟ್ಟಿಯಲ್ಲಿ ಮಾತ್ರ ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಗೂಡಿನ ಒಳಮೈಯಲ್ಲಿ ಹಬೆ ಹನಿಗಟ್ಟಿತ್ತು. ಬೆರಳದ್ದಿದರೆ ಸ್ನಾನಕ್ಕೆ ಕಾಯಿಸಿದ ನೀರು. ಮಾರನೆಯ ದಿನ ಹೊತ್ತು ಇಳಿಯುವಷ್ಟರಲ್ಲಿ ಮೋಲಿಯ ಜೋಡಿಯಲ್ಲಿ ಒಂದು ಹೊಟ್ಟೆ ಮೇಲೆ ಮಾಡಿ ತೇಲಿತು. ಇನ್ನೊಂದು ಅದನ್ನು ಮೂತಿಯಿಂದ ನೂಕುತ್ತಲೇ ಇತ್ತು.

ಮನಸ್ವಿನಿ ಟೇಪು ಕಿತ್ತಳು. ಗಾಳಿಗೆಂದು ಬೆರಳಗಲ ಬಿಟ್ಟಿದ್ದರೆ ಸಾಕಿತ್ತು. ಅವಳು ಒಂದು ಗೇಣು ಬಿಟ್ಟಳು. ಗೋಡೆಯ ಮೇಲೆ ಬೆಳಕಿನ ಪಟ್ಟಿ ಮರಳಿ ಬಂದು ಅಲುಗಾಡಿತು. ಅದನ್ನು ನೋಡಿ ಅವಳಿಗೆ ಅಳು ಬಂತು, ಸತ್ತ ಮೀನಿಗೆಂದು ಅವಳು ಅಂದುಕೊಂಡಳು.

“ಇದ್ಯಾಕೆ ಮತ್ತೆ?” ಎಂದ ಗುರುಕಿರಣ್.

“ಮೀನು ಉಸಿರುಗಟ್ಟಿ ಸಾಯ್ತಿವೆ. ಬೇರೆ ಏನಾದ್ರೂ ಮಾಡ್ತೀನಿ. ಎರಡು ದಿನ ಕೊಡಿ.”

ಎರಡು ದಿನ ಕಳೆಯಿತು, ಇನ್ನೆರಡು ಕಳೆಯಿತು. ಸಂದಿ ಮುಚ್ಚಲು ಬೋರ್ಡು ಸಿಗಲಿಲ್ಲ ಎಂದಳು. ಅಂಗಡಿ ಮುಚ್ಚಿತ್ತು ಎಂದಳು. ಅವನು ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡ. ಸೆಕೆಗೆ ಬೆವರಿ ಅದು ಜಾರುತ್ತಿತ್ತು. ಅವನ ಕಣ್ಣ ಕೆಳಗಿನ ಕಪ್ಪು ದಿನದಿನಕ್ಕೆ ಕೆನ್ನೆಗಿಳಿಯುತ್ತಿತ್ತು. ಅವಳಿಗೆ ಅದು ಕಾಣುತ್ತಿರಲಿಲ್ಲವೆಂದಲ್ಲ. ಕಾಣುತ್ತಿತ್ತು, ಆ ಬೆಳಕಿನಲ್ಲೇ.

ಒಂದು ಮಧ್ಯಾಹ್ನ ಗೋಡೆಯ ಮೇಲೆ ಮೊಲವು ರಾಜನಿಗೆ ಬುದ್ಧಿ ಹೇಳುತ್ತಿತ್ತು. ಮನಸ್ವಿನಿಯ ತುಟಿ ಅಲುಗುತ್ತಿತ್ತು. ಹಿಂದಿನಿಂದ ಮಾತು ಬಂತು.

“ಮೊಲ ಚೆನ್ನಾಗಿದೆ.”

ಅವಳ ಕೈ ಅಲ್ಲೇ ನಿಂತಿತು. ಗುರುಕಿರಣ್ ಮೊಣಕೈ ಊರಿ ಎದ್ದು ಕೂತಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಮದುವೆಯ ಹೊಸದರಲ್ಲಿ ಕರೆಂಟು ಹೋದರೆ ಮೊಬೈಲಿನ ಟಾರ್ಚು ಹಾಕಿ, “ಎಲ್ಲಿ, ನಿಮ್ಮಜ್ಜಿ ಮೊಲ ಕರಿ” ಎಂದು ಅವನೇ ಕೇಳುತ್ತಿದ್ದ.

“ಟೇಪು ನೀನೇ ಇಷ್ಟಗಲ ಕಿತ್ತೆ ಅಲ್ವಾ?”

“ಮೀನಿಗೆ ಗಾಳಿ...”

“ಗಾಳಿಗೆ ಇಷ್ಟು ಬೇಡ. ನಾನು ದಿನಾ ಮಾಡೋ ಕೆಲಸಾನೇ ಅದು ಮನು, ಯಾವ ಪೈಪಿಗೆ ಎಷ್ಟು ಬಾಯಿ ಬೇಕು ಅಂತ. ಇದು ಗಾಳಿಗೆ ಬಿಟ್ಟ ಸಂದಿ ಅಲ್ಲ. ಕೈ ಆಡಿಸೋಕೆ ಬಿಟ್ಟಿದ್ದು.”

ಅವಳು ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

“ಅಲ್ಲಿ ಕಣ್ಣು ಮುಚ್ಚಿದ್ರೆ ಜನ ಸಾಯ್ತಾರೆ ಅಂತ ನಾನು ಒದ್ದಾಡ್ತಿದೀನಿ. ನೀನಿಲ್ಲಿ ಗೊಂಬೆಯಾಟ ಆಡ್ತಿದೀಯ.”

“ನನಗೂ ಉಸಿರು ಕಟ್ಟುತ್ತೆ ಕಣ್ರೀ.”

“ಅದಕ್ಕೇ ಮೀನು ತಂದುಕೊಟ್ಟೆನಲ್ಲ!”

ಹೇಳಿದ ಮೇಲೆ ಅವನಿಗೇ ಆ ಮಾತು ಹೇಗೋ ಕೇಳಿಸಿತು. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದಿಂಬನ್ನು ಮುಖದ ಮೇಲೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ. “ನೀನು ಮಾತು ಕೊಟ್ಟಿದ್ದೆ. ಆಗಲ್ಲ ಅಂದ್ರೆ ಆಗಲ್ಲ ಅನ್ನು. ನಾಳೆ ತೊಟ್ಟಿ ವಾಪಸ್ ಕೊಟ್ಟು ಬರ್ತೀನಿ.”

ತೊಟ್ಟಿ ಹೋದರೆ ಬೆಳಕೂ ಹೋಗುತ್ತದೆ, ಮೀನೂ ಹೋಗುತ್ತದೆ. ಮುಚ್ಚಿದರೆ ಬೆಳಕಷ್ಟೇ ಹೋಗುತ್ತದೆ. ಅವಳ ಎದುರಿಗೆ ಉಳಿದ ಲೆಕ್ಕ ಇಷ್ಟೇ.

ಮಾರನೆಯ ಬೆಳಿಗ್ಗೆ, ತೊಟ್ಟಿ ವಾಪಸ್ ಕೊಡುವುದನ್ನು ಎರಡು ದಿನ ತಡೆಯಿರಿ ಎಂದು ಹೇಳಿ, ಅವನು ಮಲಗುವ ಮೊದಲೇ ಅವಳು ಫತೇಗಂಜ್‌ಗೆ ಹೋಗಿ ಮೀನಿನಂಗಡಿಯ ನಿತಿನ್‌ಭಾಯ್ ಎದುರು ನಿಂತಳು.

“ಗೂಡಿನಿಂದ ಬಿಸಿ ಆಚೆ ಹೋಗಬೇಕು, ಬೆಳಕು ಹೋಗಬಾರದು.”

“ಜಾಲರಿ ಹಾಕಿ ಭಾಭಿ.”

“ಜಾಲರಿಯಲ್ಲಿ ಬೆಳಕು ಬರುತ್ತೆ.”

“ಬರಲಿ ಬಿಡಿ. ಜನ ಮೀನು ಇಡೋದೇ ನೋಡೋಕೆ. ನಿಮ್ಮ ಮನೆಯಲ್ಲಿ ಮೀನನ್ನೂ ಪರದೆಯಲ್ಲಿ ಇಡ್ತೀರಾ?” ಎಂದು ಅವನು ನಕ್ಕ. ಅವಳು ನಗಲಿಲ್ಲ. ಕಂಪ್ಯೂಟರಿನೊಳಗಿರುವಂಥ ಪುಟ್ಟ ಫ್ಯಾನೊಂದನ್ನು, ಪಕ್ಕದ ಸ್ಟೇಷನರಿಯಿಂದ ದಪ್ಪ ರಟ್ಟಿನಂಥ ಸನ್‌ಬೋರ್ಡಿನ ಹಾಳೆಗಳನ್ನು ಕೊಂಡು ತಂದಳು.

ಉಳಿದದ್ದು ಅಜ್ಜಿಯ ಕತೆಯಲ್ಲೇ ಇತ್ತು. ಗೂಡಿನ ಎಡಗಡೆ ಕೆಳಗೆ ಒಂದು ಬಾಯಿ, ತಣ್ಣನೆಯ ಗಾಳಿ ಒಳಬರಲು. ಬಲಗಡೆ ಮೇಲೆ ಒಂದು ಬಾಯಿ, ಬಿಸಿ ಹೊರಹೋಗಲು. ಅಲ್ಲಿಗೇ ಫ್ಯಾನು. ಎರಡೂ ಬಾಯಿಗೆ ಒಂದೊಂದು ಓಣಿ. ಓಣಿಯೊಳಗೆ ಅಡ್ಡಪಟ್ಟಿಗಳು, ಒಂದು ಮೇಲಿನಿಂದ ಇಳಿದರೆ ಮುಂದಿನದು ಕೆಳಗಿನಿಂದ ಏಳುವ ಹಾಗೆ. ಗಾಳಿ ತಡವಿಕೊಂಡು ಬರಲಿ, ಬೆಳಕು ಹಣೆ ಚಚ್ಚಿಕೊಳ್ಳಲಿ.

ಕಟ್ಟಿ, ಕೂರಿಸಿ, ಹಿಂಬದಿಯ ಸಂದಿಗೆ ಸದ್ಯಕ್ಕೊಂದು ಬಟ್ಟೆ ತುರುಕಿ, ದೀಪ ಹಾಕಿದರೆ ಬೆಳಕು ಸಾಯಲಿಲ್ಲ. ಓಣಿಯ ಬಾಯಲ್ಲಿ ಹಾಲಿನ ಬಣ್ಣದ ಒಂದು ಮಸುಕು ಹೊಳಪು ನಿಂತಿತ್ತು. ಬಿಳಿಯ ಸನ್‌ಬೋರ್ಡು! ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿಯುತ್ತ ಮೂಲೆಗಳನ್ನೆಲ್ಲ ದಾಟಿ ಬಂದುಬಿಟ್ಟಿತ್ತು. ಅಜ್ಜಿಗೆ ಇದು ಗೊತ್ತಿರಲಿಲ್ಲ. ಅಷ್ಟೆಲ್ಲ ಹೊಡೆತ ತಿಂದೂ ಬಂದ ಆ ಹೊಳಪಿನ ಮುಂದೆ ಮನಸ್ವಿನಿ ಕೂತೇ ಇದ್ದಳು. ಮೊಲಕ್ಕೆ ಇಷ್ಟು ಸಾಲದು. ಆದರೂ ಬೆರಳಿನ ಅಂಚು ಕಾಣುತ್ತದೆ. ಇಷ್ಟನ್ನು ಬಿಟ್ಟರೆ ಅವನಿಗೆ ಗೊತ್ತಾಗುತ್ತದೆಯೇ?

ಹಾಸಿಗೆಯಲ್ಲಿ ಗುರುಕಿರಣ್ ನರಳಿದ. ನಿದ್ದೆಯಲ್ಲೇ ಅವನ ಹೆಬ್ಬೆರಳು ಇಲ್ಲದ ಯಾವುದೋ ಬಟನ್ನನ್ನು ಒತ್ತುತ್ತಿತ್ತು. ಮತ್ತೆ ಮತ್ತೆ.

ಅವಳು ಎದ್ದಳು. ಸಂಜೆ ಅವನು ಚಹಾ ಕುಡಿಯುತ್ತಿರುವಾಗ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಶಾಲೆಯ ಬೋರ್ಡಿಗೆ ಬಳಿಯುವ ಕಪ್ಪು ಬಣ್ಣದ ಡಬ್ಬಿ ತಂದಳು. ಹೊಳಪಿಲ್ಲದ ಕಪ್ಪು, ಬಿದ್ದ ಬೆಳಕನ್ನು ಅಲ್ಲೇ ನುಂಗುವ ಕಪ್ಪು. ಓಣಿಗಳನ್ನು ಬಿಚ್ಚಿ ಪಟ್ಟಿಪಟ್ಟಿಗೂ ಎರಡೆರಡು ಸಲ ಬಳಿದಳು. ಬಣ್ಣದ ನಾತ ನೀರಿಗಿಳಿಯಬಾರದೆಂದು ಮಾರನೆಯ ದಿನ ತಾರಸಿಯ ಬಿಸಿಲಿನಲ್ಲಿ ಒಣಗಲು ಇಟ್ಟಳು. ಕಾಯುತ್ತ ಬೆಳಗೆಲ್ಲ ತಾರಸಿಯಲ್ಲೇ ನಿಂತಳು. ಕಣ್ಣು ಕುಕ್ಕುವಷ್ಟು, ಯಾರಿಗೂ ಬೇಡವಾಗುವಷ್ಟು ಹಗಲು ಅಲ್ಲಿ ಸುಮ್ಮನೆ ಸುರಿದಿತ್ತು. ಅವಳ ಉಗುರುಗಳೆಲ್ಲ ಕಪ್ಪಾಗಿದ್ದವು.

ಕೆಳಗಿಳಿದು ಬಂದಾಗ ಅವನು ಆಗಲೇ ಮಲಗಿದ್ದ, ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು. ಅವಳು ಬಾಗಿಲ ಸಂದಿಗೆ ಟವೆಲ್ ತುರುಕಿದಳು. ಓಣಿಗಳನ್ನು ಗೂಡಿನ ಬಾಯಿಗೆ ಕೂರಿಸಿ ಅಂಟು ಒತ್ತಿದಳು. ಫ್ಯಾನಿನ ಸ್ವಿಚ್ಚು ಹಾಕಿದಳು, ದೂರದಲ್ಲೊಂದು ಜೇನುನೊಣ ಹಾರಿದಂಥ ಸದ್ದು. ತೊಟ್ಟಿಯ ಗಾಜಿಗೆ ಎಂದಿನಂತೆ ಕಪ್ಪು ಬಟ್ಟೆಯ ಪರದೆ ಇಳಿಬಿಟ್ಟಳು. ಉಳಿದದ್ದು ಹಿಂಬದಿಯ ಆ ಒಂದು ಗೇಣು ಸಂದಿ. ಅದಕ್ಕೆಂದೇ ಕತ್ತರಿಸಿಟ್ಟ ಹಲಗೆಯನ್ನು ಕೈಗೆತ್ತಿಕೊಂಡಳು.

ಗೋಡೆಯ ಪಟ್ಟಿ ಅಲುಗಾಡುತ್ತಿತ್ತು. ಒಳಗೆ ಒಂಟಿ ಮೋಲಿ ದೀಪದಡಿ ಸುಳಿದಾಗ ಅದರ ನೆರಳೂ ಗೋಡೆಯ ಮೇಲೆ ಸುಳಿಯಿತು. ಹಲಗೆ ಜಾರಿಸಿದಂತೆ ಗೇಣು ಬೆರಳಾಯಿತು, ಬೆರಳು ದಾರವಾಯಿತು, ದಾರ ಕಡಿಯಿತು.

ಅವಳು ಬಲಗಡೆಯ ಓಣಿಯ ಬಾಯಿಗೆ ಕೆನ್ನೆ ಹಿಡಿದಳು. ಪಾಚಿಯ ವಾಸನೆಯ ಬೆಚ್ಚನೆಯ ಗಾಳಿ ಬಂತು, ಯಾರೋ ಹತ್ತಿರ ಕೂತು ಉಸಿರು ಬಿಟ್ಟ ಹಾಗೆ. ಒಳಗೆ ದೀಪ ಉರಿಯುತ್ತಿದೆ ಎನ್ನುವುದಕ್ಕೆ ಅದಲ್ಲದೆ ಬೇರೆ ಗುರುತೇ ಇರಲಿಲ್ಲ. ಅಭ್ಯಾಸಬಲದಿಂದ ಗೋಡೆಯ ಕಡೆ ಎರಡೂ ಕೈ ಎತ್ತಿ ಮೊಲದ ಕಿವಿ ಮಾಡಿದಳು. ಅವಳ ಕೈ ಅವಳಿಗೇ ಕಾಣಲಿಲ್ಲ.

ಕತ್ತಲೆಯಲ್ಲಿ ಗುರುಕಿರಣ್ ಕರವಸ್ತ್ರ ಬಿಚ್ಚಿದ ಸದ್ದಾಯಿತು. ನಿದ್ದೆ ತುಂಬಿದ, ಮೆತ್ತಗಾದ ದನಿಯಲ್ಲಿ ಕೇಳಿದ:

“ಆಯ್ತಾ ಮನು?”

“ಆಯ್ತು” ಎಂದಳು, ಎತ್ತಿದ ಕೈ ಇಳಿಸದೆ.